ಬಣ್ಣ, ಕಂಬ, ಕುಂಡ, ಹಂಪ್: ಹಾಕಿ ನೋಡಿದ ಮೇಲೆ ನನ್ನ ಲೆಕ್ಕ

ರಸ್ತೆ ದಾಟೋಕೆ ಭಯ ಅಂತ ಯಾರಾದರೂ ದೂರು ಕೊಟ್ಟರೆ ಸಾಮಾನ್ಯವಾಗಿ ಎರಡೇ ಪರಿಹಾರ ಕೇಳಿಬರುತ್ತವೆ. ಹಂಪ್ ಹಾಕಿಸಿ, ಇಲ್ಲವೇ ಜೀಬ್ರಾ ಪಟ್ಟೆ ಬಳಿಸಿ. ಇವೆರಡರ ಜೊತೆ ಇನ್ನೂ ಕೆಲವು ಅಗ್ಗದ ಉಪಾಯಗಳನ್ನು ನಾವು ಕೆಲವು ನೆರೆಹೊರೆಯವರು ಸೇರಿ, ಅನುಮತಿ ಪಡೆದು, ಒಂದೇ ರಸ್ತೆಯ ಬೇರೆ ಬೇರೆ ಕಡೆ ಹಾಕಿ ನೋಡಿದೆವು. ಷರತ್ತು ಒಂದೇ: ರಸ್ತೆ ಅಗೆಯುವಂತಿಲ್ಲ. ಒಂದು ವಾರಾಂತ್ಯದಲ್ಲಿ ಹಾಕುವಂತಿರಬೇಕು, ಬೇಡವೆನಿಸಿದರೆ ಇನ್ನೊಂದು ವಾರಾಂತ್ಯದಲ್ಲಿ ಕಿತ್ತುಹಾಕುವಂತಿರಬೇಕು.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಅದನ್ನು ನೇರ ರಸ್ತೆಯ ನಡುವೆ ಸುರಿಯಬೇಡಿ, ತಿರುವಿನ ಮೂಲೆಗೆ ಹಾಕಿ.

ಅಳೆಯೋಕೆ ದುಬಾರಿ ಯಂತ್ರ ಏನೂ ಬೇಕಾಗಿಲ್ಲ. ರಸ್ತೆ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಿಂದ ಫೋನಿನಲ್ಲಿ ವಿಡಿಯೋ ತೆಗೆದರೆ ಸಾಕು. ಎರಡು ಗೆರೆಗಳ ನಡುವಿನ ದೂರವನ್ನು 2.4 ಸೆಕೆಂಡಿಗಿಂತ ಬೇಗ ದಾಟಿದ ವಾಹನ ಗಂಟೆಗೆ 30 ಕಿ.ಮೀ. ಮೀರಿ ಓಡುತ್ತಿದೆ ಅಂತ ಅರ್ಥ. ಒಂದೂವರೆ ಸೆಕೆಂಡಿಗೂ ಮೊದಲೇ ದಾಟಿದರೆ ಅದು 50ರ ಹತ್ತಿರ ಇದೆ. 30ಕ್ಕೂ 50ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಆದರೆ ಅದೇ ಕಾರು 50ರಲ್ಲಿ ಗುದ್ದಿದರೆ ಅದರಲ್ಲಿರುವ ಶಕ್ತಿ 30ರಲ್ಲಿ ಇದ್ದುದರ ಸುಮಾರು 2.8 ಪಟ್ಟು. ಬ್ರೇಕಿನ ಮೇಲೆ ಕಾಲಿಡುವ ಮುಂಚಿನ ಆ ಒಂದು ಸೆಕೆಂಡಿನಲ್ಲಿ 30ರ ಕಾರು 8 ಮೀಟರ್ ಚಿಲ್ಲರೆ ಮುಂದೆ ಹೋಗಿರುತ್ತದೆ, 50ರ ಕಾರು ಸುಮಾರು 14 ಮೀಟರ್.

ಮೂಲೆಯಲ್ಲಿ: ಬರೀ ಬಣ್ಣವೋ, ಕಂಬವೋ?

ಹೆಚ್ಚಿನ ತಿರುವುಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಜಾಗ ಇರುತ್ತದೆ. ನಂಬಿಕೆ ಬರದಿದ್ದರೆ ಮೂಲೆಯಲ್ಲಿ ಧೂಳು ಎಲ್ಲಿ ಕೂತಿದೆ ನೋಡಿ. ಚಕ್ರ ಹಾಯದ ಕಡೆ ಮಣ್ಣು ತಾನಾಗಿ ಗುಡ್ಡೆಯಾಗುತ್ತದೆ. ಹಿಮ ಬೀಳುವ ಊರುಗಳಲ್ಲಿ ಹಿಮದ ಮೇಲಿನ ಚಕ್ರದ ಗುರುತು ನೋಡಿ ಇದೇ ಕೆಲಸ ಮಾಡುತ್ತಾರೆ. ಆ ಧೂಳಿನ ಗಡಿಯನ್ನೇ ಹಿಡಿದು ಫುಟ್‌ಪಾತನ್ನು ರಸ್ತೆಯೊಳಕ್ಕೆ ಚಾಚಿದಂತೆ ಬಣ್ಣ ಬಳಿದೆವು. ಉದ್ದೇಶ ಎರಡು. ತಿರುವು ಕಿರಿದಾದರೆ ಕಾರು ನಿಧಾನವಾಗಿ ತಿರುಗಲೇಬೇಕು. ಜೊತೆಗೆ ದಾಟುವ ದೂರವೂ ಕಡಿಮೆಯಾಗುತ್ತದೆ. ಎರಡೂ ಬದಿಯಲ್ಲಿ ತಲಾ 2 ಮೀಟರ್ ಕಡಿಮೆಯಾದರೆ ಒಟ್ಟು 4 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ, ವಾಹನಗಳ ಎದುರು ಇರುವ ಸಮಯ ಮೂರು ಸೆಕೆಂಡಿಗಿಂತ ಜಾಸ್ತಿ ತಗ್ಗಿತು. ವಯಸ್ಸಾದವರಿಗೆ ಇನ್ನೂ ಜಾಸ್ತಿ.

ಬರೀ ಬಣ್ಣ ಬಳಿದ ಮೂಲೆ ಮೊದಲ ಕೆಲವು ದಿನ ಚೆನ್ನಾಗಿಯೇ ಕೆಲಸ ಮಾಡಿತು. ಹೊಸದು ಅಂತ ಎಲ್ಲರೂ ಸುತ್ತಿಕೊಂಡು ಹೋದರು. ಆಮೇಲೆ ಒಂದು ಸ್ಕೂಟರ್ ಅದರ ಮೇಲೆ ಹಾದುಹೋಯಿತು. ಅದನ್ನು ನೋಡಿ ಇನ್ನೊಂದು. ಕೊನೆಗೆ ಯಾರೋ ಅಲ್ಲೇ ಕಾರು ನಿಲ್ಲಿಸಿ ಟೀ ಕುಡಿಯೋಕೆ ಹೋದರು. ಬಣ್ಣಕ್ಕೆ ಇನ್ನೊಂದು ತಕರಾರೂ ಇದೆ. ಮಳೆಯಲ್ಲಿ ನುಣುಪಾದ ಬಣ್ಣ ಜಾರುತ್ತದೆ, ಅದೂ ಸೈಕಲ್ ವಾಲಿಸಿ ತಿರುಗುವ ಜಾಗದಲ್ಲೇ. ಬಣ್ಣ ಹಸಿಯಿರುವಾಗಲೇ ಮೇಲೆ ಒರಟು ಮರಳಿನ ಪುಡಿ ಉದುರಿಸಬೇಕು. ಇದನ್ನು ಬಿಡಲೇಬಾರದು.

ಎದುರಿನ ಮೂಲೆಯಲ್ಲಿ ಅದೇ ಬಣ್ಣ, ಅದೇ ಆಕಾರ. ಆದರೆ ಅಂಚಿನುದ್ದಕ್ಕೂ ಬಾಗುವ ಪ್ಲಾಸ್ಟಿಕ್ ಕಂಬಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿದ್ದೆವು. ನಡುವೆ ಒಂದೂವರೆ ಮೀಟರ್ ಅಂತರ. ಗಾಲಿಕುರ್ಚಿಗೆ ದಾರಿ ಸಿಗುತ್ತದೆ, ಕಾರಿಗೆ ಸಿಗುವುದಿಲ್ಲ. ಈ ಕಂಬ ಕಾರನ್ನು ತಡೆಯುವಷ್ಟು ಗಟ್ಟಿ ಏನಲ್ಲ, ಗುದ್ದಿದರೆ ಬಾಗುತ್ತದೆ. ಆದರೂ ಚಾಲಕರು ಅದನ್ನು ತಪ್ಪಿಸಿಕೊಂಡೇ ಹೋಗುತ್ತಾರೆ. ಪೊಲೀಸರ ಭಯಕ್ಕಲ್ಲ, ಬಂಪರ್ ಗೀರಾಗುತ್ತದೆ ಅನ್ನೋ ಭಯಕ್ಕೆ! ಬಣ್ಣದ ಮೂಲೆಯಲ್ಲಿ ವೇಗ ಮತ್ತೆ ಹಳೆಯ ಮಟ್ಟಕ್ಕೆ ಏರಿದಾಗಲೂ ಕಂಬದ ಮೂಲೆಯಲ್ಲಿ ಏರಲಿಲ್ಲ.

ಕಂಬದ ಕಾಟ ರಿಪೇರಿಯದ್ದು. ಯಾವಾಗಲೂ ಮುರಿಯುವುದು ತಿರುವಿನ ತುದಿಯ ಕಂಬವೇ, ಅದೂ ಉದ್ದದ ಲಾರಿಯ ಹಿಂಚಕ್ರಕ್ಕೆ ಸಿಕ್ಕಿ. ಆ ತುದಿಯಲ್ಲಿ ಕಂಬದ ಬದಲು ತಗ್ಗಾದ ರಬ್ಬರ್ ಅಂಚು ಹಾಕಿದ ಮೇಲೆ ಸಮಸ್ಯೆ ತಗ್ಗಿತು. ಲಾರಿ ಬೇಕಾದರೆ ಅದರ ಮೇಲೆ ಹತ್ತಿ ಇಳಿಯುತ್ತದೆ, ಕಾರಿನವರು ಹತ್ತಿಸುವುದಿಲ್ಲ. ತಳ ರಸ್ತೆಯಲ್ಲೇ ಉಳಿದು ಮೇಲಿನ ಭಾಗ ಮಾತ್ರ ತಿರುಗಿಸಿ ಬಿಚ್ಚುವಂಥ ಕಂಬವನ್ನೇ ಕೊಳ್ಳಿ.

ಬಣ್ಣವನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. 2022ರಲ್ಲಿ ಬ್ಲೂಮ್‌ಬರ್ಗ್ ಫಿಲಾಂತ್ರಪೀಸ್ ಅನ್ನೋ ದತ್ತಿ ಸಂಸ್ಥೆ ಪ್ರಕಟಿಸಿದ ಅಧ್ಯಯನವೊಂದು ಅಮೆರಿಕದಲ್ಲಿ ರಸ್ತೆ ಮೇಲೆ ಚಿತ್ರ ಬಿಡಿಸಿದ 17 ಜಾಗಗಳ ಹಿಂದು-ಮುಂದಿನ ಲೆಕ್ಕ ನೋಡಿತ್ತು. ನಡೆಯುವವರು, ಸೈಕಲ್ಲಿನವರು ಸಿಕ್ಕಿಬಿದ್ದ ಅಪಘಾತಗಳ ಪ್ರಮಾಣ 50% ಇಳಿದಿತ್ತು. ಒಳ್ಳೆಯ ಸಂಖ್ಯೆಯೇ. ಆದರೆ ಇಂಥ ಕಡೆ ಚಿತ್ರದ ಜೊತೆಗೇ ರಸ್ತೆಯನ್ನು ಕಿರಿದು ಮಾಡುವ ಕೆಲಸವೂ ಎಷ್ಟೋ ಸಲ ನಡೆದಿರುತ್ತದೆ. ಚಿತ್ರದ ನಿಜವಾದ ಲಾಭ ಬೇರೆ ಅಂತ ನನ್ನ ಅನಿಸಿಕೆ. ಮಕ್ಕಳು ಬಂದು ಬಳಿದ ಮೂಲೆಯನ್ನು ಅಳಿಸಿ ಅಂತ ಯಾವ ಅಂಗಡಿಯವರೂ ಅರ್ಜಿ ಕೊಡುವುದಿಲ್ಲ!

ಮೂಲೆಯ ಪಾರ್ಕಿಂಗ್

ಮೂಲೆಯಲ್ಲಿ ಪಾರ್ಕಿಂಗ್ ತೆಗೆಯೋದು ಎಲ್ಲಕ್ಕಿಂತ ಅಗ್ಗ, ಜಗಳ ಮಾತ್ರ ಎಲ್ಲಕ್ಕಿಂತ ಜಾಸ್ತಿ. ದಾಟುವ ಜಾಗದಿಂದ 5-6 ಮೀಟರ್ ಒಳಗೆ ಯಾವ ವಾಹನವೂ ನಿಲ್ಲಬಾರದು. ನಿಂತರೆ ಅದರ ಮರೆಯಿಂದ ಬರುವ ಮಗು ಚಾಲಕನಿಗೆ ಕಾಣುವುದು ರಸ್ತೆಗೆ ಇಳಿದ ಮೇಲೆಯೇ. ಅಮೆರಿಕದ ಹೋಬೋಕೆನ್ ಅನ್ನೋ ಪುಟ್ಟ ನಗರ ಮೂಲೆಗಳಲ್ಲಿ ಪಾರ್ಕಿಂಗ್ ತೆಗೆಯೋದನ್ನೇ ಹಟ ಹಿಡಿದು ಮಾಡಿತು. 2017ರಿಂದ ಸತತ ಹಲವು ವರ್ಷ ಅಲ್ಲಿ ರಸ್ತೆ ಅಪಘಾತದಲ್ಲಿ ಒಂದು ಸಾವೂ ಆಗಲಿಲ್ಲ. ಅದಕ್ಕೆ ಇದೊಂದೇ ಕಾರಣವಲ್ಲ, ಆದರೆ ಅವರ ಕೆಲಸದಲ್ಲಿ ಎದ್ದುಕಾಣುವುದು ಇದೇ.

ನಾವು ಒಂದು ಕಡೆ ‘ನೋ ಪಾರ್ಕಿಂಗ್’ ಬೋರ್ಡ್ ನೆಟ್ಟೆವು. ಇನ್ನೊಂದು ಕಡೆ ಅದೇ ಜಾಗದಲ್ಲಿ ಸೈಕಲ್ ನಿಲ್ಲಿಸುವ ಸ್ಟ್ಯಾಂಡ್ ಇಟ್ಟೆವು. ಬೋರ್ಡಿನ ಕೆಳಗೇ ಕಾರು ನಿಂತಿತು. ಸ್ಟ್ಯಾಂಡ್ ಇದ್ದ ಕಡೆ ನಿಲ್ಲಿಸೋಕೆ ಜಾಗವೇ ಇರಲಿಲ್ಲ. ನಿಂತ ಸೈಕಲ್ಲುಗಳ ನಡುವೆ ಆಚೆ ಬದಿ ಕಾಣುತ್ತದೆ, ಅದೇ ಮುಖ್ಯ. ಒಂದೇ ಉಪಾಯ ಆರಿಸಿ ಅಂದರೆ ನಾನು ಆರಿಸುವುದು ಇದನ್ನೇ.

ಹಂಪ್ ಮತ್ತು ಜೀಬ್ರಾ

ಹಂಪ್ ಕೆಲಸ ಮಾಡುತ್ತದೆ, ಹಂಪಿನ ಮೇಲೆ ಮಾತ್ರ. ಬೋಲ್ಟ್ ಹಾಕುವ ರಬ್ಬರ್ ಹಂಪಿನ ಮುಂದೆ ಎಲ್ಲರೂ ಬ್ರೇಕ್ ಒತ್ತಿದರು. ದಾಟಿದ ಮೇಲೆ ಕಳೆದ ಸಮಯ ವಸೂಲಿ ಮಾಡುವವರಂತೆ ಗೇರ್ ಬದಲಿಸಿ ಓಡಿದರು. ಪಕ್ಕದ ಮನೆಯವರಿಗೆ ರಾತ್ರಿಯೆಲ್ಲ ದಡ್ ದಡ್ ಸದ್ದು. ಗಿಡ್ಡನೆಯ, ಚೂಪಾದ ಉಬ್ಬು ಎಲ್ಲಕ್ಕಿಂತ ಕೆಟ್ಟದ್ದು. ಸೈಕಲ್ಲಿನವರ ಸೊಂಟ ಹೋಗುತ್ತದೆ, ಮೆತ್ತನೆಯ ಸಸ್ಪೆನ್ಷನ್ ಇರುವ ದೊಡ್ಡ ಕಾರು ವೇಗವಾಗಿಯೇ ಹಾರಿಹೋಗುತ್ತದೆ. ಬ್ರಿಟನ್ನಿನ ಸಂಶೋಧಕರು 1970ರ ದಶಕದಲ್ಲಿ ರೂಪಿಸಿದ ಹಂಪ್ 3.7 ಮೀಟರ್ ಉದ್ದ ಇರುವುದು ಸುಮ್ನೆ ಅಲ್ಲ. ನಿಧಾನ ಹೋದರೆ ಮೆತ್ತಗೆ ಏರಿಳಿಯುತ್ತದೆ, ಜೋರಾಗಿ ಹೋದರೆ ಎತ್ತಿಹಾಕುತ್ತದೆ. ಶಾಲೆಯ ಮುಂದೆ ಅಂಥದ್ದು ಇರಲಿ. ಇಡೀ ರಸ್ತೆ ನಿಧಾನವಾಗಬೇಕಾದರೆ ಸಾಲಾಗಿ ಹಾಕಬೇಕು, ಆಗ ಅಗ್ಗ ಅನ್ನೋ ಮಾತೇ ಉಳಿಯುವುದಿಲ್ಲ. ಆಂಬುಲೆನ್ಸ್ ಓಡಾಡುವ ದಾರಿಯಲ್ಲಂತೂ ಬೇಡ.

ಜೀಬ್ರಾ ವಿಷಯ ಇನ್ನೂ ಸೂಕ್ಷ್ಮ. ಕಿರಿದಾದ, ನಿಧಾನದ ರಸ್ತೆಯಲ್ಲಿ ಜೀಬ್ರಾ ಸರಿ. ಆದರೆ ಅಮೆರಿಕದ 30 ನಗರಗಳಲ್ಲಿ ಪಟ್ಟೆ ಇರುವ 1,000 ಜಾಗಗಳನ್ನು ಪಟ್ಟೆ ಇಲ್ಲದ 1,000 ಜಾಗಗಳ ಜೊತೆ ಹೋಲಿಸಿದಾಗ, ವಾಹನ ದಟ್ಟಣೆಯ ಬಹು ಲೇನ್ ರಸ್ತೆಗಳಲ್ಲಿ ಬರೀ ಪಟ್ಟೆ ಇದ್ದ ಕಡೆಯೇ ನಡೆಯುವವರ ಅಪಘಾತದ ಪ್ರಮಾಣ ಜಾಸ್ತಿ ಕಂಡಿತ್ತು. ಕಾರಣ ಊಹಿಸೋದು ಕಷ್ಟವಲ್ಲ ಅಲ್ವಾ? ಹತ್ತಿರದ ಲೇನಿನ ಕಾರು ನಿಲ್ಲುತ್ತದೆ, ಅದರ ಮರೆಯಲ್ಲಿ ಪಕ್ಕದ ಲೇನಿನದು ನುಗ್ಗುತ್ತದೆ. ಅಂಥ ರಸ್ತೆಗೆ ನಡುವೆ ನಿಲ್ಲೋಕೆ ಒಂದು ದ್ವೀಪ ಬೇಕು. ಭಾರದ ಬ್ಲಾಕುಗಳನ್ನು ಇಟ್ಟು ಅದನ್ನೂ ತಾತ್ಕಾಲಿಕವಾಗಿ ಮಾಡಬಹುದು.

ಸೈಕಲ್ ಲೇನಿಗೆ ಯಾವ ಬೇಲಿ?

ಬರೀ ಗೆರೆ ಎಳೆದ ಸೈಕಲ್ ಲೇನ್ ಅಂದರೆ ಉಚಿತ ಪಾರ್ಕಿಂಗ್. ಹೆಚ್ಚು ಹೇಳಬೇಕಿಲ್ಲ.

ಕುಂಡ ಇಟ್ಟಾಗ ಬೀದಿ ನೋಡೋಕೆ ಎಲ್ಲಕ್ಕಿಂತ ಚೆನ್ನಾಗಿತ್ತು. ಫೋಟೋದಲ್ಲಂತೂ ಕೇಳೋದೇ ಬೇಡ. ಆದರೆ ನೀರು ಹಾಕುವವರು ಯಾರು? ಗಿಡ ಒಣಗಿದ ಕುಂಡದೊಳಗೆ ಕಸ ಬೀಳೋಕೆ ಶುರುವಾಗುತ್ತದೆ. ಗಿಡ ಚೆನ್ನಾಗಿ ಬೆಳೆದರೆ ಇನ್ನೊಂದು ತೊಂದರೆ, ಮಕ್ಕಳು ಅದರ ಹಿಂದೆ ಮರೆಯಾಗುತ್ತಾರೆ. ಕುಂಡಗಳನ್ನು ದಾಟುವ ಜಾಗದಿಂದ ದೂರವಿಡಿ, ಗಿಡ ಗಿಡ್ಡವಾಗಿರಲಿ. ಪ್ಯಾರಿಸ್ 2020ರಲ್ಲಿ ಸುಮಾರು 50 ಕಿ.ಮೀ. ತಾತ್ಕಾಲಿಕ ಸೈಕಲ್ ದಾರಿಗಳನ್ನು ಬಣ್ಣ, ಕಂಬ, ಬ್ಲಾಕುಗಳಿಂದಲೇ ಹಾಕಿಕೊಂಡು, ಆಮೇಲೆ ಕಾಯಂ ಮಾಡುತ್ತ ಬಂತು.

ಕಾರುಗಳನ್ನೇ ಬೇಲಿಯಾಗಿ ಬಳಸುವುದು ನನಗೆ ಹೆಚ್ಚು ಇಷ್ಟವಾಯಿತು. ಪಾರ್ಕಿಂಗನ್ನು ಒಂದು ಲೇನ್ ಆಚೆ ಸರಿಸಿ, ಫುಟ್‌ಪಾತಿಗೂ ನಿಂತ ಕಾರಿಗೂ ನಡುವೆ ಸೈಕಲ್ ಬಿಡುವುದು. ಗೆರೆ ಬದಲಿಸಿದರೆ ಮುಗಿಯಿತು. ಪಾರ್ಕಿಂಗ್ ಉಳಿಯುವುದರಿಂದ ಜಗಳವೂ ಕಡಿಮೆ. ಆದರೆ ಬಾಗಿಲು ತೆರೆಯೋಕೆ ಸುಮಾರು ಒಂದು ಮೀಟರ್ ಖಾಲಿ ಬಿಡಲೇಬೇಕು. ತಿರುವಿನ ಹತ್ತಿರ ಕೊನೆಯ ಕಾರುಗಳ ಜಾಗ ತೆಗೆಯಬೇಕು. ರಾತ್ರಿ ಕಾರುಗಳು ಹೋದ ಮೇಲೆ ಬೇಲಿಯೂ ಹೋಗುತ್ತದೆ, ಹಾಗಾಗಿ ನಡುನಡುವೆ ಕಂಬ ಬೇಕೇ ಬೇಕು. ಲೇನಿನ ಬಾಯಿಯ ಮಧ್ಯೆಯೂ ಒಂದು ಕಂಬ ಇರಲಿ. ಕಾರು ಒಳಗೆ ನುಗ್ಗುವುದು ಅಲ್ಲಿಂದಲೇ.

ಸಿಗ್ನಲ್ ಇರುವ ಕಡೆ ಇವೆಲ್ಲದರ ಮುಂಚೆ ಕೇಳಬೇಕಾದ್ದು ಒಂದಿದೆ: ವಾಹನಗಳಿಗೆ ಹಸಿರು ಬರುವ 3ರಿಂದ 7 ಸೆಕೆಂಡ್ ಮೊದಲೇ ನಡೆಯುವವರಿಗೆ ಹಸಿರು ಕೊಡಿ. ತಿರುಗುವ ಕಾರು ಬರುವ ಹೊತ್ತಿಗೆ ಜನ ಆಗಲೇ ರಸ್ತೆ ಮಧ್ಯೆ ಕಣ್ಣಿಗೆ ಬೀಳುತ್ತಾರೆ. ಟೈಮಿಂಗ್ ಬದಲಿಸಬಹುದಾದ ಸಿಗ್ನಲ್ ಇದ್ದರೆ ಸಾಮಾನಿನ ಖರ್ಚೇ ಇಲ್ಲ. ನಮಗೆ ಇದರ ಅನುಮತಿ ಸಿಕ್ಕಿದ್ದು ಎಲ್ಲದಕ್ಕಿಂತ ಕೊನೆಗೆ.

ಕಂಬದ ಮೂಲೆಯಲ್ಲಿ ಒಂದು ಬದಲಾವಣೆ ಆಮೇಲೆ ಸೇರಿತು. ಬಿಳಿ ಕೋಲು ಹಿಡಿದು ನಡೆಯುವವರಿಗೆ ಬಣ್ಣ ಕಾಣುವುದಿಲ್ಲ. ಅವರ ಪಾಲಿಗೆ ಫುಟ್‌ಪಾತ್ ಮುಗಿಯುವುದು ಹಳೆಯ ಅಂಚಿನಲ್ಲೇ. ಚಾಚಿದ ಜಾಗ ಅವರಿಗೆ ರಸ್ತೆಯೇ. ದಿನವೂ ಆ ದಾರಿಯಲ್ಲಿ ಓಡಾಡುವ ಒಬ್ಬರ ಜೊತೆ ನಡೆದು ನೋಡಿ, ಹೊಸ ಅಂಚಿನಲ್ಲಿ ಕಾಲಿಗೆ, ಕೋಲಿಗೆ ಸಿಗುವಂತೆ ಉಬ್ಬು ಚುಕ್ಕೆಯ ಪಟ್ಟಿ ಅಂಟಿಸಿದೆವು. ಪಟ್ಟಿಯ ದಿಕ್ಕು ಎದುರಿನ ಮೂಲೆಗೆ ನೇರ ಇಲ್ಲ ಅಂತ ಅವರು ಹೇಳಿದ ಮೇಲೆ ಕಿತ್ತು ಮತ್ತೆ ಅಂಟಿಸಬೇಕಾಯಿತು.