ಕಣಗಳ ಕೋಡೋ, ವ್ಲಾಸೊವ್ ಕೋಡೋ? ಎರಡನ್ನೂ ಓಡಿಸಿ ನೋಡಿದೆ

ಪ್ಲಾಸ್ಮಾದಲ್ಲಿ, ಅಂದರೆ ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ ಬೇರ್ಪಟ್ಟ ಅನಿಲದಲ್ಲಿ, ಎರಡು ಎಲೆಕ್ಟ್ರಾನ್ ಹರಿವುಗಳು ಎದುರುಬದುರಾಗಿ ಒಂದರೊಳಗೊಂದು ನುಗ್ಗಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಲೆಯೂ ತಾನಾಗಿಯೇ ದೊಡ್ಡದಾಗುತ್ತದೆ. ಇದು ಟು-ಸ್ಟ್ರೀಮ್ ಅಸ್ಥಿರತೆ. ಭೂಮಿಯ ಕಾಂತಬಾಲದಲ್ಲಿ (ಸೂರ್ಯನಿಗೆ ಬೆನ್ನಾದ ಬದಿಗೆ ಬಾಲದಂತೆ ಚಾಚಿದ ಕಾಂತಕ್ಷೇತ್ರದಲ್ಲಿ) ಜಪಾನಿನ ಜಿಯೋಟೇಲ್ ಉಪಗ್ರಹ ಕಂಡ ಒಂಟಿ ಅಲೆಗಳಿಗೆ (ಬಿಡಿಬಿಡಿಯಾಗಿ ಬರುವ ವಿದ್ಯುತ್ ಕ್ಷೇತ್ರದ ಮಿಡಿತಗಳಿಗೆ) ಇಂಥದ್ದೇ ಹುಟ್ಟು ಎಂದು 1990ರ ದಶಕದ ಕಂಪ್ಯೂಟರ್ ಸಿಮ್ಯುಲೇಷನ್‌ಗಳು ತೋರಿಸಿದವು. ಅದನ್ನು ನಾನೇ ಮಾಡಿ ನೋಡಬೇಕು ಅನ್ನಿಸಿತು. ತುಮಕೂರಿನ ಕ್ಯಾತ್ಸಂದ್ರದ ಮನೆಯಲ್ಲಿ, 8 ಜಿಬಿ ಲ್ಯಾಪ್‌ಟಾಪಿನಲ್ಲಿ, ಇದನ್ನು ಲೆಕ್ಕ ಹಾಕುವ ಎರಡು ಥರದ ಕೋಡ್ (ಕಂಪ್ಯೂಟರ್ ಪ್ರೋಗ್ರಾಂ) ಬರೆದೆ.

ಮೊದಲನೆಯದು ಪಾರ್ಟಿಕಲ್-ಇನ್-ಸೆಲ್, ಅಂದರೆ ಕಣಗಳ ಕೋಡ್. ಸಾವಿರಾರು ಕಣ ಬಿಡಬೇಕು, ಅವುಗಳ ಚಾರ್ಜನ್ನು ಗ್ರಿಡ್ (ಜಾಗವನ್ನು ಸಣ್ಣ ಕೋಶಗಳಾಗಿ ಹಂಚಿದ ಚೌಕಟ್ಟು) ಮೇಲೆ ಕೂಡಿಸಿ ವಿದ್ಯುತ್ ಕ್ಷೇತ್ರ ಲೆಕ್ಕ ಹಾಕಬೇಕು, ಆ ಕ್ಷೇತ್ರದಿಂದ ಕಣಗಳನ್ನು ತಳ್ಳಬೇಕು. ಬರೆಯೋದು ಸುಲಭ. ಜಾಗ ಒಂದು ಕಡೆ, ವೇಗ ಇನ್ನೊಂದು ಕಡೆ ಇಟ್ಟು ಚಿತ್ರ ಬಿಡಿಸಿದರೆ, ಎರಡು ನೇರ ಪಟ್ಟಿಗಳು ನಿಧಾನಕ್ಕೆ ಬಳುಕಿ, ಸುತ್ತಿಕೊಂಡು, ನಡುವೆ ಖಾಲಿ ಬಿಟ್ಟು ನಿಂತವು. ತಂಗಿ ಬಗ್ಗಿ ನೋಡಿ, "ಕಣ್ಣಿನ ಥರ ಇದೆ ಅಲ್ವಾ ಅಣ್ಣ?" ಅಂದಳು. ಅದೇ ಎಲೆಕ್ಟ್ರಾನ್ ಹೋಲ್, ನಡುವೆ ಎಲೆಕ್ಟ್ರಾನ್ ಕಮ್ಮಿಯಿರುವ ತೂತು. ಆ ಸಂಜೆ ಊಟ ಮರೆತೇ ಹೋಗಿತ್ತು.

ಆದರೆ ಹರಿವನ್ನು ದುರ್ಬಲ ಮಾಡಿದಾಗ ಕಷ್ಟ ಶುರುವಾಯಿತು. ಒಟ್ಟು ಎಲೆಕ್ಟ್ರಾನ್‌ಗಳಲ್ಲಿ 2% ಮಾತ್ರ ವೇಗದ ಹರಿವು ಇಟ್ಟೆ. ಅಲೆ ಬೆಳೆಯುವ ಗೆರೆ ಕಣಗಳ ನಾಯ್ಸ್‌ನಲ್ಲಿ (ಕಣಗಳ ಸಂಖ್ಯೆ ಸೀಮಿತವಾದ್ದರಿಂದ ಬರುವ ಏರಿಳಿತದಲ್ಲಿ) ಮುಳುಗಿಹೋಯಿತು. ನಾಯ್ಸ್ ಅರ್ಧ ಆಗಬೇಕಾದರೆ ಕಣ ನಾಲ್ಕು ಪಟ್ಟು ಬೇಕು. ಹೆಚ್ಚಿಸುತ್ತಾ ಹೋದೆ, ಗೆರೆ ನಡುಗುವುದು ನಿಲ್ಲಲಿಲ್ಲ.

ಎರಡನೆಯದು ವ್ಲಾಸೊವ್ ಕೋಡ್, ಭೌತವಿಜ್ಞಾನಿ ವ್ಲಾಸೊವ್ ಹೆಸರಿನ ಸಮೀಕರಣವನ್ನು ಬಿಡಿಸುವಂಥದ್ದು. ಇದರಲ್ಲಿ ಬಿಡಿ ಕಣಗಳೇ ಇಲ್ಲ. ಯಾವ ಜಾಗದಲ್ಲಿ ಯಾವ ವೇಗದವು ಎಷ್ಟಿವೆ ಅನ್ನುವುದನ್ನೇ ಗ್ರಿಡ್ ಮೇಲೆ ಇಟ್ಟು ಸರಿಸುತ್ತೇವೆ. ಸಂಶೋಧಕರಾದ ಚೆಂಗ್ ಮತ್ತು ನಾರ್ 1976ರಲ್ಲಿ ಕೊಟ್ಟ ದಾರಿ ಹಿಡಿದೆ: ಜಾಗದಲ್ಲಿ ಅರ್ಧ ಹೆಜ್ಜೆ, ವೇಗದಲ್ಲಿ ಪೂರ್ತಿ, ಮತ್ತೆ ಜಾಗದಲ್ಲಿ ಅರ್ಧ. ಅದೇ 2% ಹರಿವು ಕೊಟ್ಟೆ. ಲಾಗ್ ಗ್ರಾಫಿನಲ್ಲಿ (ಪ್ರತಿ ಗೀಟಿಗೂ ಬೆಲೆ ಹತ್ತು ಪಟ್ಟಾಗುವ ಗ್ರಾಫ್) ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ ಏರಿತು. ಬೆಳವಣಿಗೆಯ ದರ ಅಳೆಯಲು ಇದಕ್ಕಿಂತ ಬೇರೆ ಬೇಡ. ಒಂದೇ ತೊಂದರೆ, ಹೊತ್ತು ಕಳೆದಂತೆ ಸುತ್ತಿಕೊಂಡ ಪಟ್ಟಿಗಳ ಎಳೆಗಳು ಗ್ರಿಡ್‌ಗಿಂತ ಸಣ್ಣದಾಗಿ ಅಳಿಸಿಹೋಗುತ್ತವೆ.

ಇಷ್ಟೆಲ್ಲ ಒಂದೇ ಆಯಾಮದಲ್ಲಿ, ಅಂದರೆ ಒಂದೇ ಗೆರೆಯ ಮೇಲೆ. ಎರಡು ಆಯಾಮಕ್ಕೆ ಹೋದರೆ ಮಾತೇ ಬೇರೆ. ಜಾಗಕ್ಕೆ 128×128, ವೇಗಕ್ಕೆ 512×512 ಅಂದರೆ ವ್ಲಾಸೊವ್ ಕೋಡಿಗೆ ಸುಮಾರು 430 ಕೋಟಿ ಬಿಂದು, 34 ಜಿಬಿ ಮೆಮೊರಿ. ನನ್ನ ಲ್ಯಾಪ್‌ಟಾಪಿಗೆ ಸಾಧ್ಯವೇ ಇಲ್ಲ. ಕಣಗಳ ಕೋಡಿನಲ್ಲಿ ಅದೇ 128×128 ಗ್ರಿಡ್‌ಗೆ, ಕೋಶಕ್ಕೆ 100 ಕಣ ಹಾಕಿದರೆ ಸುಮಾರು 16 ಲಕ್ಷ ಕಣ, 50 ಎಂಬಿ ಚಿಲ್ಲರೆ.

ಅಯಾನುಗಳನ್ನಷ್ಟೇ ಕಣ ಮಾಡಿ ಎಲೆಕ್ಟ್ರಾನ್‌ಗಳನ್ನು ದ್ರವದಂತೆ ಹಿಡಿಯುವ ಹೈಬ್ರಿಡ್ ಕೋಡ್ ಇದೆ. ಎಲೆಕ್ಟ್ರಾನ್ ಹೋಲ್ ಅದರಲ್ಲಿ ಹುಟ್ಟುವುದೇ ಇಲ್ಲ, ಹಾಗಾಗಿ ಈ ಕೆಲಸಕ್ಕೆ ಬಿಟ್ಟೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಯಾವುದು ಅಂತ ಕೇಳಿದವರಿಗೆ ನಾನು ಹೇಳುವುದು ಒಂದೇ: ಒಂದು ಆಯಾಮದಲ್ಲಿ ವ್ಲಾಸೊವ್ ಹಿಡಿಯಿರಿ, ದರ ಸರಿಯಾಗಿ ಬಂದ ಮೇಲೆ ಕಣಗಳಿಗೆ ಬನ್ನಿ. ನಾನು ಉಲ್ಟಾ ಮಾಡಿ, ನಾಯ್ಸನ್ನೇ ಅಲೆ ಅಂದುಕೊಂಡು ಎರಡು ವಾರ ಕಳೆದೆ.