ಮೇಕರ್ಸ್ ಮಾರ್ಕ್ ಬರ್ಬನ್: ಡಿಸ್ಟಿಲರಿ ಕೆಮಿಸ್ಟ್ ಒಬ್ಬರ ಅಭಿಪ್ರಾಯ

ಬರ್ಬನ್ ಅಂದರೆ ಅಮೆರಿಕದ ಗೋವಿನಜೋಳದ ವಿಸ್ಕಿ, ಮೇಕರ್ಸ್ ಮಾರ್ಕ್ ಅದರಲ್ಲೊಂದು ಬ್ರ್ಯಾಂಡ್. ಬರ್ಬನ್‌ಗೆ ಸಿಹಿ ಬೆರೆಸಿರುತ್ತಾರೆ ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಹಾಗೇನೂ ಇಲ್ಲ. ಅಮೆರಿಕದ ಕಾನೂನು ಅದಕ್ಕೆ ಬಿಡುವುದೇ ಇಲ್ಲ. ನೀರು ಬಿಟ್ಟರೆ ಬಣ್ಣ, ಸಿಹಿ, ಸುವಾಸನೆ ಏನನ್ನೂ ಹಾಕುವಂತಿಲ್ಲ. ಈ ಬಾಟಲಿಯ ಕೆಂಪು ಛಾಯೆಯ ಕಂದು ಬಣ್ಣವೂ ಪೂರ್ತಿ ಬ್ಯಾರಲ್‌ನ ಮರದಿಂದ ಬಂದದ್ದು. ನನಗೆ ಮೇಕರ್ಸ್ ಮಾರ್ಕ್ ಹಿಡಿಸಿರುವುದು ಮೊದಲು ಇದಕ್ಕೇ.

ನಾನು ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ಕೆಮಿಸ್ಟ್. ನಮ್ಮದು ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕದ ಕೆಲಸ. ನೀರು, ಈಸ್ಟ್ ಹಾಕಿ ಹುದುಗಿಸಿ, ಕಾಲಮ್‌ನಲ್ಲಿ ಭಟ್ಟಿ ಇಳಿಸಿ, ಸುಮಾರು 96% ಆಲ್ಕೋಹಾಲ್ ಆಗುವ ತನಕ ಶುದ್ಧ ಮಾಡುತ್ತೇವೆ. ಆಮೇಲೆ ಅದರಲ್ಲಿ ಕಬ್ಬಿನ ವಾಸನೆ ಹೆಸರಿಗೂ ಇರುವುದಿಲ್ಲ. ಬರ್ಬನ್‌ನವರು 80% ದಾಟುವಂತಿಲ್ಲ. ಹಾಗಾಗಿ ಕಾಳಿನ ರುಚಿ ಉಳಿಯುತ್ತದೆ. ಬ್ಯಾರಲ್‌ಗೆ ತುಂಬುವಾಗ 62.5% ಮೀರಬಾರದು. ಮೇಕರ್ಸ್ ಮಾರ್ಕ್‌ನವರು ಇನ್ನೂ ಇಳಿಸಿ 55%ಕ್ಕೆ ತುಂಬುತ್ತಾರೆ. ಅಂದರೆ ಅಷ್ಟೇ ಮದ್ಯಕ್ಕೆ ಬ್ಯಾರಲ್ ಜಾಸ್ತಿ ಬೇಕು, ಖರ್ಚೂ ಜಾಸ್ತಿ. ಗೊತ್ತಿದ್ದೂ ಮಾಡುತ್ತಾರಲ್ಲ, ಅದಕ್ಕೆ ನನ್ನ ಮೆಚ್ಚುಗೆ ಇದೆ.

ಇನ್ನೊಂದು ವಿಷಯ ನಮ್ಮ ಕೆಲಸದವರಿಗೆ ತಟ್ಟನೆ ಅರ್ಥವಾಗುತ್ತದೆ. ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ನಮಗೆ ದೊಡ್ಡ ತಲೆನೋವು. ಒಂದು ಲೀಟರ್ ಸ್ಪಿರಿಟ್‌ಗೆ ಹತ್ತು ಲೀಟರ್ ಆಸುಪಾಸು ಬರುತ್ತದೆ. ಮೇಕರ್ಸ್ ಮಾರ್ಕ್ ತಯಾರಾಗುವ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಹೀಗೇ ಉಳಿದದ್ದರಲ್ಲಿ ಒಂದು ಪಾಲನ್ನು ಮುಂದಿನ ಹುದುಗಿಗೆ ವಾಪಸ್ ಹಾಕುತ್ತಾರೆ. ಸೋರ್ ಮ್ಯಾಶ್ ಅನ್ನುವುದು ಇದನ್ನೇ. ಅದರ ಹುಳಿಯಿಂದ ಬೇಡದ ಬ್ಯಾಕ್ಟೀರಿಯಾ ತಡೆಯುತ್ತದೆ, ಈಸ್ಟ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ರುಚಿ ತಪ್ಪುವುದಿಲ್ಲ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಕ್ರೋ ಇದನ್ನು ಅಳತೆ, ಲೆಕ್ಕ ಇಟ್ಟು ಮಾಡುವ ಪದ್ಧತಿಯಾಗಿ ರೂಢಿಗೆ ತಂದರು.

ಬರ್ಬನ್‌ಗೆ ಕನಿಷ್ಠ 51% ಗೋವಿನಜೋಳ ಇರಬೇಕು. ಮೇಕರ್ಸ್ ಮಾರ್ಕ್‌ನಲ್ಲಿ 70% ಇದೆ. ಉಳಿದದ್ದು 16% ಗೋಧಿ, 14% ಮೊಳಕೆ ಬಾರ್ಲಿ. ಸಾಮಾನ್ಯವಾಗಿ ಗೋಧಿಯ ಜಾಗದಲ್ಲಿ ರೈ ಅನ್ನುವ ಕಾಳು ಹಾಕುತ್ತಾರೆ. ರೈ ನಾಲಿಗೆಗೆ ಖಾರ. ಮೇಕರ್ಸ್ ಮಾರ್ಕ್ ಶುರು ಮಾಡಿದ ಬಿಲ್ ಸ್ಯಾಮ್ಯುಯೆಲ್ಸ್ 1950ರ ದಶಕದಲ್ಲಿ ಮನೆತನದ ಹಳೆಯ ಪಾಕ ಬಿಟ್ಟು ಗೋಧಿಗೆ ಬಂದರು. ವಿಸ್ಕಿ ಹಣ್ಣಾಗುವ ತನಕ ಕಾಯಲು ಆಗುತ್ತಾ? ಅದಕ್ಕೇ ಬೇರೆ ಬೇರೆ ಕಾಳಿನ ಹಿಟ್ಟಿನಲ್ಲಿ ಬ್ರೆಡ್ ಮಾಡಿಸಿ ರುಚಿ ನೋಡಿದರಂತೆ. ಚೌಕ ಬಾಟಲಿ, ಕೆಂಪು ಮೇಣದ ಮುಚ್ಚಳ ಎಲ್ಲ ಅವರ ಪತ್ನಿ ಮಾರ್ಜಿ ಯೋಚಿಸಿದ್ದು. ಇವತ್ತಿಗೂ ಪ್ರತಿ ಬಾಟಲಿಯನ್ನು ಕೈಯಿಂದಲೇ ಮೇಣಕ್ಕೆ ಅದ್ದುತ್ತಾರೆ. ನನ್ನ ಬಾಟಲಿಯಲ್ಲಿ ಒಂದು ಹನಿ ಭುಜದ ತನಕ ಇಳಿದಿದೆ.

ಬೆಳಗಾವಿಯಲ್ಲಿ ತಗೊಂಡೆ. ಅಂಗಡಿಯವರು, "ಸಾಹೇಬ್ರ, ಇದು ಸ್ಕಾಚ್ ಅಲ್ರಿ, ನೋಡಿ ತಗೋರಿ" ಅಂದರು. ಸ್ಕಾಚ್ ಅಂದುಕೊಂಡು ಒಯ್ದವರು ತಿರುಗಿ ತರುತ್ತಾರಂತೆ.

ಗ್ಲಾಸಿಗೆ ಸ್ವಲ್ಪ ಹಾಕಿ ಸುಮ್ನೆ ಹತ್ತು ನಿಮಿಷ ಬಿಡಿ. ಮೊದಲು ಮೂಗಿಗೆ ಸ್ಪಿರಿಟ್ ಹೊಡೆಯುತ್ತದೆ. ಅದು ಇಳಿದ ಮೇಲೆ ವೆನಿಲಾ ಏಳುತ್ತದೆ. ಬಾಯಲ್ಲಿ ಸಿಹಿ ಕಾಣುವುದು ಬೆಳಗಾವಿ ಕುಂದಾದ ಹಾಗೆ, ಹಾಲು ಕಂದುವಷ್ಟು ಕಾಯ್ದಾಗ ಬರುತ್ತಲ್ಲ, ಆ ಘಮ. ಒಳಮೈ ಕರಕಲು ಮಾಡಿದ ಹೊಸ ಓಕ್ ಬ್ಯಾರಲ್ ಕೊಟ್ಟದ್ದು ಇದು. ಬೆಂಕಿಗೆ ಮರದೊಳಗಿನ ಸಕ್ಕರೆ ಕಂದುತ್ತದೆ, ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ಹೋಗುತ್ತದೆ, ಚಳಿಗೆ ಕುಗ್ಗಿ ಹೊರಗೆ ಬರುತ್ತದೆ. ಬರ್ಬನ್‌ಗೆ ಪ್ರತಿ ಸಲ ಹೊಸ ಬ್ಯಾರಲ್ಲೇ ಆಗಬೇಕು. ಹಳೆಯವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಬೆಂಗಳೂರಿನ ಅಮೃತ್‌ನವರೂ ತರಿಸುತ್ತಾರೆ.

ನಮ್ಮ ಮಾಮೂಲಿ ವಿಸ್ಕಿ 42.8%, ಇದು 45%. ಆದರೂ ಗಂಟಲು ಸುಡುವುದಿಲ್ಲ. ನಾಲ್ಕೈದು ಹನಿ ನೀರು ಹಾಕಿದರೆ ಗೋವಿನಜೋಳದ ರುಚಿ ಬಿಚ್ಚಿಕೊಳ್ಳುತ್ತದೆ. ಹುರಿದ ಶೇಂಗಾ ಜೊತೆಗೆ ಚೆನ್ನ. ಮಿರ್ಚಿ ಭಜಿ ಬೇಡ, ವೆನಿಲಾ ಎಲ್ಲ ಮುಚ್ಚಿಹೋಗುತ್ತದೆ. ಒಂದು ಬಾರ್‌ನಲ್ಲಿ ಕೇಳದೆಯೇ ಗ್ಲಾಸ್ ತುಂಬ ಐಸ್ ಸುರಿದು ಕೋಲಾ ಹಾಕಿ ತಂದಿಟ್ಟರು. ಇಷ್ಟು ದುಬಾರಿ ವಿಸ್ಕಿಗೆ ಹಾಗೆ ಮಾಡಬಾರದು.

ಕೊರತೆಯೂ ಇದೆ. ಎಷ್ಟು ವರ್ಷದ್ದು ಅಂತ ಲೇಬಲ್ ಮೇಲೆ ಇಲ್ಲ. ರುಚಿ ಬಾಯಲ್ಲಿ ಬೇಗ ಮುಗಿಯುತ್ತದೆ, ಇನ್ನೊಂದಿಷ್ಟು ನಿಲ್ಲಬೇಕಿತ್ತು. ಖಾರ ಬೇಕು ಅನ್ನುವವರು 28% ರೈ ಇರುವ ಬುಲೆಟ್ ಬರ್ಬನ್ ಸಿಕ್ಕರೆ ನೋಡಿ. ಯಾವುದೇ ಬರ್ಬನ್ ಕೊಳ್ಳುವಾಗ 'ಸ್ಟ್ರೇಟ್' ಅಂತ ಇದೆಯಾ ನೋಡಿ, ಕನಿಷ್ಠ 2 ವರ್ಷ ಬ್ಯಾರಲ್‌ನಲ್ಲಿ ಇತ್ತು ಅಂತ ಅರ್ಥ. 'ಬಾಟಲ್ಡ್ ಇನ್ ಬಾಂಡ್' ಇದ್ದರೆ ಇನ್ನೂ ಗಟ್ಟಿ. 1897ರ ಕಾನೂನಿನ ಪ್ರಕಾರ ಅದು ಒಂದೇ ಡಿಸ್ಟಿಲರಿಯದು, ಕನಿಷ್ಠ 4 ವರ್ಷದ್ದು, 50%. ಬಾಟಲಿ ತಂದ ಮೇಲೆ ನಿಲ್ಲಿಸಿಯೇ ಇಡಿ, ಬಿಸಿಲು ಬೀಳದ ಕಪಾಟಿನಲ್ಲಿ.