ನಾಲ್ಕು ವರ್ಷದ ಮಗನಿಗೆ ಹಲ್ಲಿನ ಸೆಟ್

ಮಗನಿಗೆ ನಾಲ್ಕು ವರ್ಷ, ಬಾಯಲ್ಲಿ ಒಂದು ಹಲ್ಲೂ ಇಲ್ಲ. "ಕೆಲವರಿಗೆ ತಡ ಆಗುತ್ತೆ ಬಿಡಿ" ಅಂತ ಮನೆ ಹತ್ತಿರದ ಕ್ಲಿನಿಕ್‌ನವರು ಎರಡು ವರ್ಷ ಸುಮ್ನೆ ಓಡಾಡಿಸಿದರು, ಒಂದು ಎಕ್ಸ್‌ರೇ ಕೂಡ ತೆಗೆಯಲಿಲ್ಲ. ಕೊನೆಗೆ ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದೆವು. ಅಲ್ಲಿನ ಡಾಕ್ಟರ್ ಬಾಯಿ ನೋಡುವ ಮೊದಲೇ "ಇವನಿಗೆ ಬೆವರು ಬರುತ್ತಾ?" ಅಂತ ಕೇಳಿದರು! ತೆಳು ಕೂದಲು, ಬಾರದ ಬೆವರು, ಬೇಸಿಗೆಯಲ್ಲಿ ಕೆಂಡದಂತೆ ಸುಡುವ ಮೈ, ಎಲ್ಲಕ್ಕೂ ಕಾರಣ ಒಂದೇ, ಹುಟ್ಟಿನಿಂದ ಬಂದ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ, ಅಂದರೆ ಕೂದಲು, ಹಲ್ಲು, ಬೆವರಿನ ಗ್ರಂಥಿ ಸರಿಯಾಗಿ ಬೆಳೆಯದ ಕಾಯಿಲೆ. ಎಕ್ಸ್‌ರೇಯಲ್ಲಿ ದವಡೆಯೊಳಗೆ ಹಲ್ಲಿನ ಮೊಳಕೆಯೇ ಇರಲಿಲ್ಲ. ಅನೊಡಾಂಶಿಯಾ ಅಂದರೆ ಇದೇ, ತೀರಾ ಅಪರೂಪ. ಒಂದೆರಡು ಹಲ್ಲು ಹುಟ್ಟದೇ ಇರುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ, ಅದು ಹೈಪೊಡಾಂಶಿಯಾ.

ಹಲ್ಲಿನ ಸೆಟ್‌ಗೆ ಅಳತೆ ತೆಗೆಯುವಾಗ ಅವನು ಮಾಡಿದ ರಂಪಕ್ಕೆ ನನಗೇ ಸಾಕಾಗಿತ್ತು, ಅವರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಕಾಯುವುದು ಜಾಸ್ತಿ, ಅರ್ಧ ದಿನ ಹೋಗುತ್ತದೆ. ಮೇಲಿನ ಸೆಟ್ ಚೆನ್ನಾಗಿ ಕೂತಿದೆ, ಕೆಳಗಿನದು ಇನ್ನೂ ಅಲ್ಲಾಡುತ್ತದೆ, ದವಡೆ ಸಣ್ಣ ಅಲ್ವಾ. ಬೆಳೆದಂತೆ ಹೊಸದು ಮಾಡಿಸಬೇಕು, ಇಂಪ್ಲಾಂಟ್ (ದವಡೆ ಮೂಳೆಗೇ ಕೂರಿಸುವ ಹಲ್ಲು) ಮಾತು ಬೆಳವಣಿಗೆ ನಿಂತ ಮೇಲೆ, ಸುಮಾರು 18ಕ್ಕೆ. ಈಗ ರಾತ್ರಿ ಅಜ್ಜಿಯ ಸೆಟ್ ಪಕ್ಕದಲ್ಲೇ ಇವನದೂ ಒಂದು ಲೋಟದ ನೀರಲ್ಲಿ ಮಲಗುತ್ತದೆ.